ಲೇಸರ್ ಮಷಿನ್ ನೋಡಿ ಫೆಲೋಶಿಪ್ ಆರಿಸಬೇಡಿ

ಪ್ರಶ್ನೆ: ನಾನು ಗಂಗಾವತಿಯವಳು. ಈ ವರ್ಷ ಕಣ್ಣಿನ ವಿಭಾಗದಲ್ಲಿ ಎಂಎಸ್ ಮುಗಿಸಿದ್ದೇನೆ. ಬೆಂಗಳೂರಿನಲ್ಲಿ ಕಾರ್ನಿಯಾ ಮತ್ತು ರಿಫ್ರ್ಯಾಕ್ಟಿವ್ (ಕನ್ನಡಕ ಬಿಡಿಸುವ) ಸರ್ಜರಿಯ ಫೆಲೋಶಿಪ್, ಅಂದರೆ ಎಂಎಸ್ ಆದ ಮೇಲಿನ ತರಬೇತಿ, ಮಾಡುವ ಆಸೆ. ಎರಡು ಕಡೆ ಸೀಟು ಸಿಗುವ ಹಾಗಿದೆ. ಒಂದು ಕಡೆ ಒಂದು ವರ್ಷ, ಲೇಸಿಕ್ ಮತ್ತು ಸ್ಮೈಲ್ ಅನ್ನುವ ಲೇಸರ್ ಆಪರೇಷನ್ ತುಂಬಾ ನಡೆಯುತ್ತೆ. ಇನ್ನೊಂದು ಕಡೆ ಎರಡು ವರ್ಷ. ಅಲ್ಲಿ ಅಲ್ಸರ್ (ಕಾರ್ನಿಯಾದ ಹುಣ್ಣು), ಕಾರ್ನಿಯಾ ಕಸಿ, ಐ ಬ್ಯಾಂಕ್ ಕೆಲಸ ಜಾಸ್ತಿ, ಲೇಸರ್ ಕಮ್ಮಿ, ಇಷ್ಟು ಕಾಲ ಅಲ್ಲೇ ಕೆಲಸ ಮಾಡಬೇಕು ಅನ್ನುವ ಬಾಂಡ್ ಕೂಡ ಇದೆ. ಮುಗಿಸಿ ಊರಿಗೇ ವಾಪಸ್ ಹೋಗಿ ಆಸ್ಪತ್ರೆ ಮಾಡಬೇಕು ಅಂತಿದ್ದೇನೆ. ಲೇಸರ್ ಕಲಿತರೆ ಅಲ್ಲೇ ಮಷಿನ್ ಹಾಕಬಹುದಾ? ಮನೆಯಲ್ಲಿ 'ಇನ್ನೆಷ್ಟು ವರ್ಷ ಓದ್ತೀಯಾ' ಅಂತಾರೆ. ಯಾವುದು ಆರಿಸಲಿ, ಸರ್?

ಉತ್ತರ: ಎರಡು ವರ್ಷದ ಕಡೆ ಹೋಗಿ. ಗಂಗಾವತಿಗೆ ವಾಪಸ್ ಹೋಗುವವರಿಗೆ ಇದರಲ್ಲಿ ಅನುಮಾನವೇ ಬೇಡ. ಬೆಂಗಳೂರಿನಲ್ಲೇ ಉಳಿದು, ವೈಟ್‌ಫೀಲ್ಡಿನಲ್ಲೋ ಎಚ್‌ಎಸ್‌ಆರ್ ಲೇಔಟಿನಲ್ಲೋ ಕನ್ನಡಕ ಬಿಡಿಸುವ ಕೆಲಸವನ್ನಷ್ಟೇ ಮಾಡುತ್ತೇನೆ ಅಂದಿದ್ದರೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದೆ. ಆಗಲೂ ಅಲ್ಸರ್ ನೋಡದೆ ಲೇಸರ್ ಮುಟ್ಟಬೇಡಿ ಅಂತಲೇ ಹೇಳುತ್ತಿದ್ದೆನೇನೋ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇದನ್ನು ಡಾಕ್ಟರಲ್ಲದವರೂ ಓದುತ್ತಾರೆ. ನಿಮಗೆ ಗೊತ್ತಿರುವ ಮಾತು ನಡುವೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಭಾಗ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಸುಮಾರು 540 ಮೈಕ್ರಾನ್. ಅದರಲ್ಲಿ ರಕ್ತನಾಳವೇ ಇಲ್ಲ. ಇಡೀ ಕಣ್ಣಿನ ಪವರ್ ಸುಮಾರು 60 ಡಯಾಪ್ಟರ್, ಅದರಲ್ಲಿ 43ರಷ್ಟು ಈ ಅರ್ಧ ಮಿಲಿಮೀಟರ್‌ನದ್ದೇ. ಅದಕ್ಕೇ ಇಲ್ಲಿ ಎರಡು ಥರದ ಕೆಲಸ ಸೇರಿಕೊಂಡಿವೆ. ಕಾರ್ನಿಯಾ ಕೊಳೆತರೆ, ಬೆಳ್ಳಗಾದರೆ, ಊದಿಕೊಂಡರೆ ರಿಪೇರಿ ಮಾಡುವುದು ಒಂದು. ಚೆನ್ನಾಗಿರುವ ಕಾರ್ನಿಯಾದ ಆಕಾರ ಬದಲಿಸಿ ಕನ್ನಡಕ ಬಿಡಿಸುವುದು ಇನ್ನೊಂದು. ಮೊದಲನೆಯವರು ಕಣ್ಣು ಹೋಗುತ್ತಿದೆ ಅಂತ ಬರುತ್ತಾರೆ. ಎರಡನೆಯವರಿಗೆ ಕನ್ನಡಕ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಒಂದೇ ಬೋರ್ಡಿನ ಕೆಳಗೆ ಇದ್ದರೂ ಇವೆರಡು ಬೇರೆ ಬೇರೆ ಮನಸ್ಥಿತಿ ಬೇಡುವ ಕೆಲಸಗಳು. ಒಂದು ವರ್ಷದಲ್ಲಿ ಎರಡನ್ನೂ ಪೂರ್ತಿ ಕಲಿಸುತ್ತೇವೆ ಅಂತ ಯಾರಾದರೂ ಹೇಳಿದರೆ, ಯಾವುದನ್ನು ಅರ್ಧ ಕಲಿಸುತ್ತಾರೆ ಅಂತ ಕೇಳಿ ನೋಡಿ.

ಮೊದಲು ನಿಮ್ಮೂರಿನ ಮಾತು. ಗಂಗಾವತಿ ಅಂದರೆ ಭತ್ತ. ತುಂಗಭದ್ರಾ ಕಾಲುವೆಯ ನೀರು, ಸಾಲು ಸಾಲು ಗದ್ದೆ, ಸಾಲು ಸಾಲು ರೈಸ್ ಮಿಲ್. ಸುಗ್ಗಿಯಲ್ಲಿ ಕೊಯ್ಯುವಾಗ ಭತ್ತದ ಗರಿ ಕಣ್ಣಿಗೆ ತಾಗುತ್ತೆ. ಮಿಲ್ಲಿನಲ್ಲಿ ಹೊಟ್ಟು ಬೀಳುತ್ತೆ. ದನದ ಬಾಲ ಬೀಸಿ ಹೊಡೆಯುತ್ತೆ. ಗಾಯ ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲ. ಆ ದಿನ ಊರಲ್ಲೇ ಯಾರದೋ ಹತ್ತಿರ ನಾಲಿಗೆಯಿಂದ ಕಸ ತೆಗೆಸಿಕೊಳ್ಳುತ್ತಾರೆ, ಇಲ್ಲವೇ ಹರಳೆಣ್ಣೆ ಬಿಡುತ್ತಾರೆ. ಮಾರನೇ ದಿನ ಮೆಡಿಕಲ್ ಶಾಪ್. ಅಲ್ಲಿ ಸಿಗುವ ಹನಿಯಲ್ಲಿ ಸ್ಟಿರಾಯ್ಡ್ ಇರುತ್ತೆ. ಹಾಕಿದ ತಕ್ಷಣ ಕೆಂಪು ಇಳಿಯುತ್ತೆ, ನೋವು ಕಮ್ಮಿಯಾಗುತ್ತೆ, ರೈತ ಮತ್ತೆ ಗದ್ದೆಗೆ ಹೋಗುತ್ತಾನೆ. ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತೆ. ನಿಮ್ಮ ಹತ್ತಿರ ಬರುವ ಹೊತ್ತಿಗೆ ಎರಡು ವಾರ ಆಗಿರುತ್ತೆ.

ಈಗ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಸಾಧನ) ಏನು ಕಾಣುತ್ತೆ? ಒಣಗಿದ ಹಾಗಿರುವ, ಬೂದು ಬಣ್ಣದ ಹುಣ್ಣು. ಅಂಚು ಚೊಕ್ಕವಾಗಿಲ್ಲ, ಗರಿ ಗರಿಯಾಗಿ ಒಳಗೆ ಹಬ್ಬಿದೆ. ಪಕ್ಕದಲ್ಲಿ ಒಂದೆರಡು ಸಣ್ಣ ಚುಕ್ಕೆ. ಕೆಳಗೆ ಕೀವು ನಿಂತಿದೆ. ಪುಸ್ತಕ ಓದಿದವರೆಲ್ಲ 'ಫಂಗಲ್' ಅಂತ ಹೇಳುತ್ತಾರೆ. ಆದರೆ ಹೇಳಿದರೆ ಸಾಲದು, ಕೆರೆದು ನೋಡಬೇಕು. ಮರಗಟ್ಟಿಸುವ ಹನಿ ಹಾಕಿ, 15ನೇ ನಂಬರ್ ಬ್ಲೇಡಿನಿಂದ ಹುಣ್ಣಿನ ತಳ ಮತ್ತು ಅಂಚನ್ನು ಕೆರೆದು ಸ್ಲೈಡಿಗೆ ಹಚ್ಚಬೇಕು. ಮೇಲಿನ ಕೊಳೆತ ಭಾಗದಿಂದಷ್ಟೇ ತೆಗೆದರೆ ಏನೂ ಸಿಗುವುದಿಲ್ಲ. ತೀರಾ ಆಳಕ್ಕೆ ಹೋದರೆ ತೂತು ಬೀಳುತ್ತೆ. ಅಲ್ಲಿ ಕೈಗೆ ಗೊತ್ತಾಗುವ ಒಂದು ಗಟ್ಟಿತನ ಇದೆ. ಅದನ್ನು ಬರೆದು ಕಲಿಸೋಕೆ ಬರಲ್ಲ, ಸೀನಿಯರ್ ಪಕ್ಕದಲ್ಲಿ ನಿಂತು ಕೆರೆಯುತ್ತಾ ಕೆರೆಯುತ್ತಾ ಬರಬೇಕು. ಆಮೇಲೆ 10% ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಒಂದು ಹನಿ, ಮೇಲೆ ಕವರ್ ಸ್ಲಿಪ್, ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪ್. ನಡು ನಡುವೆ ಗಂಟಿರುವ, ಕವಲೊಡೆದ ಎಳೆಗಳು ಕಂಡರೆ ಔಷಧಿ ಶುರು ಮಾಡಬಹುದು. ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವ ಕಲ್ಚರ್ ವರದಿಗೆ ಕಾಯುತ್ತಾ ಕೂರಬೇಕಾಗಿಲ್ಲ.

ನಮ್ಮ ಕಡೆ ಸಿಗುವುದು ಬಹುಪಾಲು ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಅನ್ನುವ ಫಂಗಸ್. ಅದಕ್ಕೆ 5% ನೆಟಮೈಸಿನ್. ಹಳೇ ಔಷಧಿ ಅಂತ ಮೂಗು ಮುರಿಯುವವರಿದ್ದಾರೆ. ಮದುರೈ ಮುಂತಾದ ಕಡೆಯ ಅರವಿಂದ್ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಇದನ್ನು ಹೊಸ ಔಷಧಿ ವೊರಿಕೊನಜೋಲ್ ಜೊತೆ ಹೋಲಿಸಿತು. ನೆಟಮೈಸಿನ್ನೇ ಗೆದ್ದಿತು. ಫ್ಯುಸೇರಿಯಂ ಇದ್ದವರಲ್ಲಂತೂ ವ್ಯತ್ಯಾಸ ಎದ್ದು ಕಂಡಿತು. ಒಂದು ಸಣ್ಣ ವಿಷಯ: ನೆಟಮೈಸಿನ್ ನೀರಿನಲ್ಲಿ ಕರಗಲ್ಲ, ಬಾಟಲಿಯ ತಳದಲ್ಲಿ ಬೆಳ್ಳಗೆ ಕೂರುತ್ತೆ. ಕುಲುಕದೆ ಹಾಕಿದರೆ ಮೇಲಿನ ನೀರಷ್ಟೇ ಕಣ್ಣಿಗೆ ಬೀಳುತ್ತೆ. 'ಗಂಟೆಗೊಮ್ಮೆ ಹಾಕಿ' ಅಂತ ಚೀಟಿಯಲ್ಲಿ ಬರೆಯುವ ಡಾಕ್ಟರಿಗಿಂತ, ಬಾಟಲಿಯನ್ನು ರೋಗಿಯ ಮಗನ ಕೈಗೆ ಕೊಟ್ಟು ಕುಲುಕಿ ತೋರಿಸು ಅನ್ನುವ ಡಾಕ್ಟರಿಗೆ ಫಲಿತಾಂಶ ಚೆನ್ನಾಗಿ ಬರುತ್ತೆ.

ಇನ್ನೊಂದು ಮೋಸಗಾರ ಇದೆ, ಪಿಥಿಯಂ. ನೋಡಲು ಥೇಟ್ ಫಂಗಸ್, ಆದರೆ ಫಂಗಸ್ ಅಲ್ಲ. ನೆಟಮೈಸಿನ್‌ಗೆ ಜಗ್ಗುವುದಿಲ್ಲ. ಕೆಒಎಚ್ ಸ್ಲೈಡಿನಲ್ಲಿ ಅಗಲವಾದ, ರಿಬ್ಬನ್ನಿನ ಥರದ, ಗಂಟುಗಳೇ ಕಮ್ಮಿ ಇರುವ ಎಳೆ ಕಂಡರೆ ಅನುಮಾನ ಪಡಬೇಕು. ಇದಕ್ಕೆ ಲಿನೆಜೋಲಿಡ್, ಅಜಿತ್ರೋಮೈಸಿನ್ ಥರದ ಬ್ಯಾಕ್ಟೀರಿಯಾ ಔಷಧಿ ಕೊಡುತ್ತಾರೆ. ಎಷ್ಟೋ ಸಲ ಬೇಗ ಕಸಿಯನ್ನೇ ಮಾಡಬೇಕಾಗುತ್ತೆ. ನೀರು, ಕೆಸರು, ಗದ್ದೆಯ ಜೊತೆ ಇದಕ್ಕೆ ನಂಟು. ನಿಮ್ಮೂರಿನಲ್ಲಿ ಇದನ್ನು ಮೊದಲ ವಾರದಲ್ಲೇ ಗುರುತು ಹಿಡಿಯುವ ಡಾಕ್ಟರ್ ಇದ್ದರೆ ಎಷ್ಟು ಕಣ್ಣು ಉಳಿಯುತ್ತವೆ ಅಂತ ಯೋಚನೆ ಮಾಡಿ. ಅದಕ್ಕೆ ಬೇಕಾದ ಸಾಮಾನು ಏನು? ಸ್ಲಿಟ್ ಲ್ಯಾಂಪ್, ಬ್ಲೇಡ್, ಸ್ಲೈಡ್, ಒಂದು ಬಾಟಲಿ ಕೆಒಎಚ್, ಒಂದು ಸಾಮಾನ್ಯ ಮೈಕ್ರೋಸ್ಕೋಪ್. ಲೇಸರ್ ಮಷಿನ್ನಿನ ಒಂದು ತಿಂಗಳ ಕಂತಿನಲ್ಲಿ ಇಷ್ಟೂ ಬರುತ್ತೆ.

ಅಲ್ಸರ್ ಆಗುವುದಕ್ಕೂ ಮೊದಲೇ ತಡೆಯಬಹುದು. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕಣ್ಣಿನ ತರಚು ಗಾಯ ಗುರುತಿಸಿ, ದಿನಕ್ಕೆ ಮೂರು ಸಲದಂತೆ ಮೂರು ದಿನ ಕ್ಲೋರಾಂಫೆನಿಕಾಲ್ ಆಯಿಂಟ್‌ಮೆಂಟ್ ಹಾಕಿದರು. ಗಾಯವಾಗಿ 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಅಲ್ಸರ್ ಆಗಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಒಂದು ಮಧ್ಯಾಹ್ನ ಇದನ್ನು ಹೇಳಿಕೊಡುವುದು ನಿಮ್ಮಿಂದ ಆಗುವ ಕೆಲಸ. ಅಲ್ಸರ್ ಒಪಿಡಿಯಲ್ಲಿ ಎರಡು ಸುಗ್ಗಿ ಕಳೆದವರಿಗೆ ಇಂಥ ಯೋಚನೆ ತಾನಾಗಿ ಬರುತ್ತೆ.

ಇನ್ನು ಕಸಿ. 1905ರಲ್ಲಿ ಎಡ್ವರ್ಡ್ ಜಿರ್ಮ್ ಅನ್ನುವ ಡಾಕ್ಟರ್ ಮೊರಾವಿಯಾದ ಓಲೊಮೌತ್ಸ್‌ನಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದರು. ಆಮೇಲೆ ಸುಮಾರು ಒಂದು ಶತಮಾನ ಹೆಚ್ಚುಕಮ್ಮಿ ಅದೇ ದಾರಿ. ಪೂರ್ತಿ ದಪ್ಪ ಕತ್ತರಿಸಿ ತೆಗೆದು, ದಾನಿಯ ಕಾರ್ನಿಯಾ ಕೂರಿಸಿ, ಕೂದಲಿಗಿಂತ ತೆಳ್ಳಗಿನ 10-0 ನೈಲಾನ್ ದಾರದಿಂದ ಸುತ್ತಲೂ ಹೊಲಿಗೆ, ಸಾಮಾನ್ಯವಾಗಿ ಹದಿನಾರು. ಇದನ್ನು ನೀವು ಕಲಿಯಲೇಬೇಕು. ತೂತು ಬಿದ್ದ ಅಲ್ಸರ್‌ಗೆ ಇವತ್ತೂ ಇದೇ ಗತಿ. ಆದರೆ ಈಗ ಬಹಳಷ್ಟು ಕಡೆ ಕೆಟ್ಟ ಪದರ ಮಾತ್ರ ಬದಲಿಸುತ್ತಾರೆ. ಮುಂದಿನ ಪದರ ಕೆಟ್ಟಿದ್ದರೆ ಡಾಲ್ಕ್. ಹಿಂದಿನ ಪದರ ಕೆಟ್ಟಿದ್ದರೆ ಡಿಸೆಕ್ ಅಥವಾ ಡಿಮೆಕ್. ನೆದರ್ಲೆಂಡ್ಸ್‌ನ ಗೆರಿಟ್ ಮೆಲ್ಲೆಸ್ ಈ ಹಿಂಪದರದ ಕಸಿಗೆ ದಾರಿ ತೋರಿಸಿದವರು.

ಇದು ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾಯಿತು ಅಂತ ಎಲ್ಲರೂ ಓದಿದ್ದೇವೆ. ಎರಡು ಕಣ್ಣು ನಾಲ್ವರಿಗೆ ಹೇಗೆ ಅಂತ ನಮ್ಮ ಒಪಿಡಿಯಲ್ಲೂ ಜನ ಕೇಳುತ್ತಿದ್ದರು. ನಾರಾಯಣ ನೇತ್ರಾಲಯದಲ್ಲಿ ಪ್ರತಿ ಕಾರ್ನಿಯಾವನ್ನು ಪದರವಾಗಿ ಬಿಡಿಸಿ, ಮುಂಪದರವನ್ನು ಇಬ್ಬರಿಗೆ, ಹಿಂಪದರವನ್ನು ಇನ್ನಿಬ್ಬರಿಗೆ ಕೂರಿಸಿದರು. ಅಪ್ಪಾಜಿ 2006ರಲ್ಲಿ ಕಣ್ಣು ಕೊಟ್ಟಾಗಿನಿಂದ ರಾಜ್ಯದಲ್ಲಿ ನೇತ್ರದಾನದ ಮಾತು ಮನೆಮನೆಯಲ್ಲಿತ್ತು. ಅಪ್ಪು ಆದ ಮೇಲೆ ನೋಂದಣಿಗೆ ಜನ ಸಾಲುಗಟ್ಟಿದರು. ಆ ದಾನ ವ್ಯರ್ಥವಾಗಬಾರದು ಅಂದರೆ ಪದರ ಬಿಡಿಸುವ ಕೈಗಳು ಬೇಕು. ನೀವು ಹುಡುಕುತ್ತಿರುವ ತರಬೇತಿ ಇದೇ.

ಡಿಮೆಕ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಫೆಲೋಗಳು ಇದನ್ನು ಕಂಡರೆ ಆಸೆಯನ್ನೂ ಪಡುತ್ತಾರೆ, ಹೆದರಿಯೂ ಹೆದರುತ್ತಾರೆ. ದಾನಿಯ ಕಾರ್ನಿಯಾದಿಂದ ಸುಮಾರು 10–15 ಮೈಕ್ರಾನ್ ದಪ್ಪದ ಹಿಂಪದರವನ್ನು ಸಿಪ್ಪೆ ಸುಲಿದ ಹಾಗೆ ಬಿಡಿಸಬೇಕು. ಅದು ಈರುಳ್ಳಿಯ ಒಳಪೊರೆಗಿಂತಲೂ ತೆಳ್ಳಗೆ. ಬಿಡಿಸಿದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತೆ, ಜೀವಕೋಶ ಇರುವ ಕಡೆಯೇ ಹೊರಗೆ. ನೀಲಿ ಬಣ್ಣ ಹಾಕದಿದ್ದರೆ ಕಣ್ಣಿಗೇ ಕಾಣಲ್ಲ. ಅದನ್ನು ರೋಗಿಯ ಕಣ್ಣೊಳಗೆ ಬಿಟ್ಟು, ಮುಟ್ಟದೆ, ಹೊರಗಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಬಿಚ್ಚಬೇಕು. ಬಿಚ್ಚಿದ್ದು ಸರಿಯಾದ ಮಗ್ಗುಲಲ್ಲಿದೆಯಾ ಅಂತ ಖಾತ್ರಿ ಮಾಡಿಕೊಂಡು, ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟು ಮೇಲಕ್ಕೆ ಒತ್ತಬೇಕು. ಹೊಲಿಗೆ ಇಲ್ಲ, ಗಾಳಿಯೇ ಹಿಡಿದಿಡುತ್ತೆ. ರೋಗಿ ಅಂಗಾತ ಮಲಗಿ ಛಾವಣಿ ನೋಡುತ್ತಿರಬೇಕು. ಚಿಕ್ಕ ವಯಸ್ಸಿನ ದಾನಿಯ ಪದರ ಬಿಗಿಯಾಗಿ ಸುತ್ತಿಕೊಳ್ಳುತ್ತೆ, ವಯಸ್ಸಾದವರದ್ದು ಸಲೀಸು. ಹೀಗಾಗಿ ಅಜ್ಜ ಅಜ್ಜಿಯರ ಕಣ್ಣು ಯಾಕೆ ಬೇಕು ಅಂತ ಕೇಳುವ ಮೊಮ್ಮಕ್ಕಳಿಗೆ ಹೇಳಲು ನಮ್ಮ ಹತ್ತಿರ ಒಳ್ಳೇ ಉತ್ತರ ಇದೆ.

ಇದನ್ನು ಮೊದಲ ಸಲವೇ ರೋಗಿಯ ಮೇಲೆ ಮಾಡೋಕೆ ಆಗುತ್ತಾ? ಆಗಲ್ಲ. ಕಸಿಗೆ ಯೋಗ್ಯವಲ್ಲ ಅಂತ ಪಕ್ಕಕ್ಕಿಟ್ಟ ದಾನಿ ಕಾರ್ನಿಯಾಗಳ ಮೇಲೆ ಅಭ್ಯಾಸ ಮಾಡಬೇಕು. ಅದಕ್ಕೆ ಆಸ್ಪತ್ರೆಗೆ ಸ್ವಂತ ಐ ಬ್ಯಾಂಕ್ ಇರಬೇಕು, ಅಥವಾ ಐ ಬ್ಯಾಂಕ್ ಜೊತೆ ಗಟ್ಟಿ ಸಂಬಂಧ ಇರಬೇಕು. ನೀವು ಹೇಳಿದ ಎರಡನೇ ಜಾಗದಲ್ಲಿ ಐ ಬ್ಯಾಂಕ್ ಇದೆ ಅಂದಿರಲ್ಲ, ನನಗೆ ಅದೇ ಅಲ್ಲಿಯ ದೊಡ್ಡ ಪ್ಲಸ್. ಇಂಥ ಅಭ್ಯಾಸ ನಡೆಯುವ ವೆಟ್ ಲ್ಯಾಬಿನಲ್ಲಿ ಫೆಲೋಗಳು ವಾರಕ್ಕೆ ಎಷ್ಟು ಸಲ ಕೂರುತ್ತಾರೆ, ಮೈಕ್ರೋಸ್ಕೋಪಿಗೆ ಬೀಗ ಹಾಕಿರುತ್ತಾ ಇಲ್ಲವಾ ಅಂತ ವಿಚಾರಿಸಿ.

ಐ ಬ್ಯಾಂಕ್ ಕೆಲಸ ಅಂದರೆ ಕೆಲವು ಫೆಲೋಗಳಿಗೆ ಅಸಡ್ಡೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ, ಸಾವಿನ ಮನೆಗೆ ಹೋಗಬೇಕು. ಸಾವಾಗಿ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಇಡೀ ಕಣ್ಣು ಕಿತ್ತು ಗುಳಿ ಬೀಳಿಸುತ್ತಾರೆ ಅನ್ನುವ ಹೆದರಿಕೆ ಮನೆಯವರಿಗೆ ಇನ್ನೂ ಇದೆ. ಈಗ ಕಾರ್ನಿಯಾ ಮತ್ತು ಸುತ್ತಲಿನ ಬಿಳಿ ಅಂಚನ್ನಷ್ಟೇ ತೆಗೆಯುವುದು ರೂಢಿಯಲ್ಲಿದೆ, ಮುಖ ಕೆಡುವುದಿಲ್ಲ. ದಾನಿಯ ರಕ್ತ ಪರೀಕ್ಷೆ ಆಗಬೇಕು. ಹಿಂಪದರದ ಜೀವಕೋಶಗಳನ್ನು ಎಣಿಸಬೇಕು. ಎಂಕೆ ದ್ರಾವಣದಲ್ಲಿಟ್ಟರೆ ನಾಲ್ಕು ದಿನ, ಕಾರ್ನಿಸಾಲ್‌ನಂಥ ದ್ರಾವಣದಲ್ಲಿ ಹದಿನಾಲ್ಕು ದಿನದವರೆಗೆ ಇಡಬಹುದು. ಯಾವ ಕಾರ್ನಿಯಾ ಯಾರಿಗೆ ಅನ್ನುವ ತೀರ್ಮಾನ ಇಲ್ಲೇ ಆಗುತ್ತೆ. ಇದನ್ನು ಕಣ್ಣಾರೆ ಕಂಡ ಸರ್ಜನ್ನಿಗೂ, ಥಿಯೇಟರಿಗೆ ಬಂದ ಬಾಟಲಿಯನ್ನು ಮಾತ್ರ ನೋಡಿದ ಸರ್ಜನ್ನಿಗೂ ಬಹಳ ಫರಕು. ನಾಳೆ ಗಂಗಾವತಿಯಲ್ಲಿ ನೀವು ಕಣ್ಣು ಸಂಗ್ರಹ ಕೇಂದ್ರ ಶುರು ಮಾಡಬೇಕೆಂದರೆ ಈ ಅನುಭವವೇ ಬಂಡವಾಳ.

ಈಗ ಲೇಸರ್. ಅದನ್ನು ನಾನು ಹಗುರ ಮಾಡುತ್ತಿಲ್ಲ, ನಾನೂ ಮಾಡುತ್ತೇನೆ. ಬೆಂಗಳೂರಿನಲ್ಲಿ ಅದಕ್ಕೆ ಬರುವವರು ಗೊತ್ತಲ್ಲ. ಐಟಿ ಹುಡುಗರು, ಪೊಲೀಸ್ ಸೆಲೆಕ್ಷನ್‌ಗೆ ತಯಾರಾಗುವವರು, ಮದುವೆ ಫಿಕ್ಸ್ ಆದವರು. 'ಮುಂದಿನ ತಿಂಗಳು ಎಂಗೇಜ್‌ಮೆಂಟ್, ಈ ಶನಿವಾರವೇ ಮಾಡಿಬಿಡಿ ಡಾಕ್ಟ್ರೇ' ಅಂತಾರೆ. ಲೇಸರ್ ಹೊಡೆಯುವುದು ಕೆಲವು ಸೆಕೆಂಡಿನ ಕೆಲಸ, ಬಹುಪಾಲು ಮಷಿನ್ನೇ ಮಾಡುತ್ತೆ. ಯಾರಿಗೆ ಮಾಡಬಾರದು ಅಂತ ಹೇಳುವುದು ಮಷಿನ್‌ಗೆ ಬರಲ್ಲ.

ಒಂದು ಲೆಕ್ಕ ನೋಡಿ. ಮನ್ನರ್‌ಲಿನ್ ಸೂತ್ರದ ಪ್ರಕಾರ, ಲೇಸರ್ ಮಾಡುವ ವಲಯದ ಅಗಲವನ್ನು ಅದರಿಂದಲೇ ಗುಣಿಸಿ, ಪವರ್‌ನಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಎಷ್ಟು ಮೈಕ್ರಾನ್ ಸುಡುತ್ತೆ ಅಂತ ಅಂದಾಜು ಸಿಗುತ್ತೆ. 6 ಮಿಲಿಮೀಟರ್ ವಲಯ, ಮೈನಸ್ 5 ಪವರ್ ಆದರೆ 60 ಮೈಕ್ರಾನ್. ಲೇಸಿಕ್ ಫ್ಲಾಪ್ (ಲೇಸರ್‌ಗೆ ಮುಂಚೆ ಎತ್ತುವ ಮೇಲಿನ ಪದರ) 110 ಅಂತ ಇಟ್ಟುಕೊಳ್ಳಿ. ಒಟ್ಟು 170. ಕಾರ್ನಿಯಾ 500 ಇದ್ದರೆ ಕೆಳಗೆ 330 ಉಳಿಯಿತು. ತೊಂದರೆ ಇಲ್ಲ ಅನಿಸುತ್ತೆ. ಅದೇ ಕಾರ್ನಿಯಾ, ಪವರ್ ಮಾತ್ರ ಮೈನಸ್ 8. ಈಗ ಸುಡುವುದು 96, ಫ್ಲಾಪ್ ಸೇರಿ 206, ಉಳಿದದ್ದು 294. ಕನಿಷ್ಠ 250 ಉಳಿಯಬೇಕು ಅನ್ನುವ ಹಳೇ ನಿಯಮದಲ್ಲಿ ಇದು ಪಾಸ್. ಆದರೆ ಒಟ್ಟು ದಪ್ಪದಲ್ಲಿ ಶೇ 41ರಷ್ಟನ್ನು ನಾವು ಮುಟ್ಟಿದ ಹಾಗಾಯಿತು. ಶೇ 40 ದಾಟಿದರೆ ಕಾರ್ನಿಯಾ ಮುಂದೆ ಉಬ್ಬುವ ಅಪಾಯ ಜಾಸ್ತಿ ಅಂತ 2014ರಿಂದ ಹೇಳುತ್ತಾ ಬಂದಿದ್ದಾರೆ. ಒಂದು ನಿಯಮದಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಈ ಹುಡುಗನಿಗೆ ಏನು ಹೇಳುತ್ತೀರಿ? ನಾನಾದರೆ ಲೇಸಿಕ್ ಬೇಡ ಅಂತೀನಿ. ಕಣ್ಣೊಳಗೆ ಜಾಗ ಇದ್ದರೆ ಐಸಿಎಲ್ (ಕಣ್ಣೊಳಗೇ ಕೂರಿಸುವ ಲೆನ್ಸ್) ಬಗ್ಗೆ ಮಾತಾಡುತ್ತೀನಿ. ಇಲ್ಲದಿದ್ದರೆ ಕನ್ನಡಕ ಚೆನ್ನಾಗಿಯೇ ಕಾಣುತ್ತೆ ಅಂತ ಹೇಳಿ ಕಳಿಸುತ್ತೀನಿ.

ಬರೀ ಲೆಕ್ಕದಿಂದಲೂ ಆಗಲ್ಲ. ಕಾರ್ನಿಯಾದ ಹಿಂಬದಿಯ ಮೇಲ್ಮೈ ಚೂರು ಉಬ್ಬಿದೆಯಾ? ತೀರಾ ತೆಳುವಾದ ಜಾಗ ನಡುವಿನಿಂದ ಕೆಳಕ್ಕೆ ಸರಿದಿದೆಯಾ? ಚಿಕ್ಕಂದಿನಿಂದ ಅಲರ್ಜಿ, ಕಣ್ಣು ಉಜ್ಜುವ ಅಭ್ಯಾಸ ಇದೆಯಾ? ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ) ಇದೆಯಾ? ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಟೊಪೋಗ್ರಫಿಗೆ (ಕಾರ್ನಿಯಾದ ಆಕಾರ ಅಳೆಯುವ ಪರೀಕ್ಷೆ) ಬಂದಿದ್ದಾರಾ? ಸಾಫ್ಟ್ ಲೆನ್ಸ್ ಆದರೆ ಕನಿಷ್ಠ ಒಂದು ವಾರ ಬಿಟ್ಟಿರಬೇಕು, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಅಲರ್ಜಿ ಇರುವ ಹುಡುಗ ಕುರ್ಚಿಯಲ್ಲಿ ಕೂತಾಗ ಅವನ ಕೈ ನೋಡಿ. ಮಾತಿನ ನಡುವೆ ಬೆರಳ ಗಂಟಿನಿಂದ ಕಣ್ಣು ಉಜ್ಜುತ್ತಾನೆ. 'ಉಜ್ಜುತ್ತೀಯಾ' ಅಂತ ಕೇಳಿದರೆ ಇಲ್ಲ ಅಂತಾನೆ, ಪಕ್ಕದಲ್ಲಿ ಕೂತ ಅಮ್ಮ ಹೂಂ ಅಂತಾರೆ.

ಕೆರಟೋಕೋನಸ್ ಕ್ಲಿನಿಕ್‌ನಲ್ಲಿ ಕೂತವರಿಗೆ ಈ ಕಣ್ಣು ಬೇಗ ಬರುತ್ತೆ. ಹದಿನಾಲ್ಕರ ಹುಡುಗನಿಗೆ ಆರು ತಿಂಗಳಲ್ಲಿ ಪವರ್ ಎರಡು ಸಲ ಬದಲಾಗಿದೆ ಅಂದರೆ ಕ್ರಾಸ್‌ಲಿಂಕಿಂಗ್ (ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ) ಮಾಡುತ್ತೀರಿ. ರೈಬೋಫ್ಲೇವಿನ್ ಹನಿ, 370 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು, ಡ್ರೆಸ್ಡೆನ್ ವಿಧಾನದಲ್ಲಿ ಅರ್ಧ ಗಂಟೆ. ಕಾರ್ನಿಯಾ 400 ಮೈಕ್ರಾನ್‌ಗಿಂತ ಕಮ್ಮಿ ಇರಬಾರದು. ಅದು ರೋಗ ಮುಂದುವರಿಯದ ಹಾಗೆ ತಡೆಯುತ್ತೆ, ಕಳೆದುಹೋದ ದೃಷ್ಟಿಯನ್ನು ವಾಪಸ್ ತರಲ್ಲ. ಇದನ್ನು ತಂದೆತಾಯಿಗೆ ಮೊದಲೇ ಬಿಡಿಸಿ ಹೇಳಬೇಕು. ಲೇಸಿಕ್ ಆದ ಮೇಲೆ ಕಾರ್ನಿಯಾ ಉಬ್ಬಿ ಬಂದವರನ್ನು ಇದೇ ಕ್ಲಿನಿಕ್‌ನಲ್ಲಿ ನೋಡುತ್ತೀರಿ. ಅಂಥ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ ಫೆಲೋಗೆ, 'ಶನಿವಾರವೇ ಮಾಡಿಬಿಡಿ' ಅಂದವರಿಗೆ ಬೇಡ ಅನ್ನುವ ಧೈರ್ಯ ಬರುತ್ತೆ. ಅಲ್ಸರ್ ನೋಡದೆ ಲೇಸರ್ ಮುಟ್ಟಬೇಡಿ ಅಂದೆನಲ್ಲ, ಅದೂ ಇದೇ ಕಾರಣಕ್ಕೆ. ಲೇಸಿಕ್ ಆದ ಕಣ್ಣಿನಲ್ಲೂ ಸೋಂಕು ಬರುತ್ತೆ. ಅಪರೂಪ, ಆದರೆ ಬಂದಾಗ ಫ್ಲಾಪ್ ಎತ್ತಿ ಕೆರೆಯೋಕೆ ಬರಬೇಕು.

ಗಂಗಾವತಿಯಲ್ಲಿ ಮಷಿನ್ ಹಾಕಬಹುದಾ ಅಂದಿರಿ. ಬೇಡ, ಈಗಲಂತೂ ಖಂಡಿತ ಬೇಡ. ಎಕ್ಸೈಮರ್, ಫೆಮ್ಟೊಸೆಕೆಂಡ್ ಲೇಸರ್ ಅಂತ ಹೋದರೆ ಕೋಟಿಗಳ ಮಾತು. ವರ್ಷ ವರ್ಷ ನಿರ್ವಹಣೆಯ ಕಾಂಟ್ರ್ಯಾಕ್ಟ್, ಗ್ಯಾಸ್, ಉಷ್ಣತೆ ಮತ್ತು ತೇವಾಂಶ ಏರುಪೇರಾಗದ ಕೋಣೆ, ಕರೆಂಟು. ಸಾಲ ಮಾಡಿ ಮಷಿನ್ ತಂದವರಿಗೆ 'ಬೇಡ' ಅನ್ನುವುದು ಕಷ್ಟವಾಗುತ್ತಾ ಹೋಗುತ್ತೆ, ನನಗೆ ಹೆಚ್ಚು ಹೆದರಿಕೆ ಅದೇ. ತಪಾಸಣೆ ಊರಲ್ಲೇ ಮಾಡಿ, ಲೇಸರ್‌ಗೆ ದೊಡ್ಡ ಊರಿನ ಸೆಂಟರ್‌ಗೆ ರೋಗಿಯನ್ನು ಕರೆದುಕೊಂಡು ಹೋಗಿ ಅಲ್ಲಿಯ ಮಷಿನ್‌ನಲ್ಲಿ ನೀವೇ ಮಾಡುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಕ್ರಾಸ್‌ಲಿಂಕಿಂಗ್ ಸಾಧನದ ಬೆಲೆ ಲೇಸರ್‌ನ ಹತ್ತಿರಕ್ಕೂ ಬರಲ್ಲ, ಅದನ್ನು ಕೆಲವು ವರ್ಷ ಬಿಟ್ಟು ಯೋಚಿಸಬಹುದು.

ಜಾಗ ಆರಿಸುವ ಬಗ್ಗೆ. ಹೆಸರುಗಳು ನಿಮಗೇ ಗೊತ್ತು. ಬೆಂಗಳೂರಿನಲ್ಲಿ ಮಿಂಟೋ ಇದೆ, 1896ರಲ್ಲಿ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ. ಪಟಾಕಿ ಗಾಯ, ಸುಣ್ಣ ಬಿದ್ದ ಕಣ್ಣು, ಹಳ್ಳಿಯಿಂದ ಬರುವ ಅಲ್ಸರ್ ಅಲ್ಲಿ ದಂಡಿಯಾಗಿ ಕಾಣಸಿಗುತ್ತವೆ. ನಾರಾಯಣ ನೇತ್ರಾಲಯ, ಶಂಕರ ಕಣ್ಣಿನ ಆಸ್ಪತ್ರೆ ಇವೆ. ಹೊರಗೆ ಹೋಗುವ ಮನಸ್ಸಿದ್ದರೆ ಹೈದರಾಬಾದಿನ ಎಲ್‌.ವಿ. ಪ್ರಸಾದ್, ಮದುರೈನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ. ಹೆಸರು ದೊಡ್ಡದಾದಷ್ಟೂ ಫೆಲೋಗಳೂ ಜಾಸ್ತಿ ಇರಬಹುದು. ಎಷ್ಟು ಆಪರೇಷನ್ ನಡೆಯುತ್ತೆ ಅನ್ನುವುದಕ್ಕಿಂತ ಅದನ್ನು ಎಷ್ಟು ಜನ ಫೆಲೋಗಳಿಗೆ ಹಂಚುತ್ತಾರೆ ಅಂತ ಕೇಳಿ.

ಇದನ್ನು ಮುಖ್ಯಸ್ಥರ ಹತ್ತಿರ ಕೇಳಿದರೆ ಪ್ರಯೋಜನ ಇಲ್ಲ, ನನ್ನಂಥವರೆಲ್ಲ ನಮ್ಮದನ್ನು ಹೊಗಳಿಕೊಳ್ಳುತ್ತೇವೆ. ಕಳೆದ ವರ್ಷ ಮುಗಿಸಿ ಹೋದ ಫೆಲೋಗೆ ಫೋನ್ ಮಾಡಿ. ಲಾಗ್‌ಬುಕ್ಕಿನಲ್ಲಿ 'ಅಸಿಸ್ಟ್ ಮಾಡಿದ್ದು' ಎಷ್ಟು, 'ಸ್ವತಃ ಮಾಡಿದ್ದು' ಎಷ್ಟು ಅಂತ ಬಿಡಿಸಿ ಕೇಳಿ. ಪೂರ್ತಿ ಕಸಿಯಲ್ಲಿ ಹೊಲಿಗೆ ಮಾತ್ರ ಹಾಕಿದ್ದನ್ನೂ ಒಂದು ಕೇಸ್ ಅಂತ ಬರೆಯುವವರಿದ್ದಾರೆ. ಕೊನೆಗೆ ಇದನ್ನೂ ಕೇಳಿ: ಕಸಿಯಾದ ರೋಗಿ ಒಂದು ವರ್ಷ ಬಿಟ್ಟು ಬಂದಾಗ ಫೆಲೋ ನೋಡುತ್ತಾನಾ, ಇಲ್ಲ ಸೀನಿಯರ್ ಕೋಣೆಗೆ ನೇರ ಹೋಗುತ್ತಾರಾ? ಕಸಿ ಮಾಡಿದ ದಿನ ಎಲ್ಲ ಕಾರ್ನಿಯಾವೂ ಚೆಂದ. ಎಂಟು ತಿಂಗಳಿಗೆ ಒಂದು ಹೊಲಿಗೆ ಸಡಿಲವಾಗಿ ಕೀವು ಕಟ್ಟುತ್ತೆ. ರೋಗಿ ಬಸ್ ಚಾರ್ಜಿಲ್ಲ ಅಂತ ಹನಿ ನಿಲ್ಲಿಸಿ ಕಸಿಯನ್ನು ದೇಹ ತಿರಸ್ಕರಿಸುತ್ತೆ. ಎರಡು ವರ್ಷದ ಫೆಲೋಶಿಪ್ ಬೇಕು ಅಂತ ನಾನು ಹೇಳುತ್ತಿರುವುದು ಈ ವಾಪಸ್ ಬರುವವರನ್ನು ನೋಡಲಿಕ್ಕೆ. ಒಂದೇ ವರ್ಷದಲ್ಲಿ ನೀವು ಮಾಡಿದ ಕಸಿಯ ಹೊಲಿಗೆ ಬಿಚ್ಚುವ ಹೊತ್ತಿಗೆ ನೀವೇ ಅಲ್ಲಿರಲ್ಲ.

ಸೇರುವ ಮುಂಚೆ ಪೊರೆ ಆಪರೇಷನ್ ಕೈ ಹದಕ್ಕೆ ಬಂದಿದೆಯಾ ನೋಡಿಕೊಳ್ಳಿ. ಫೇಕೋದಲ್ಲಿ (ಮಷಿನ್ನಿನಿಂದ ಪೊರೆ ತೆಗೆಯುವ ವಿಧಾನ) ರೆಕ್ಸಿಸ್, ಅಂದರೆ ಲೆನ್ಸಿನ ಮೇಲ್ಪೊರೆಯನ್ನು ದುಂಡಗೆ ಹರಿಯುವುದು, ಇನ್ನೂ ಹದ ತಪ್ಪಿ ಓಡಿಹೋಗುತ್ತಿದ್ದರೆ ಆರು ತಿಂಗಳು ಕ್ಯಾಟರಾಕ್ಟ್ ಜಾಸ್ತಿ ನಡೆಯುವ ಕಡೆ ಕೆಲಸ ಮಾಡಿ, ಆಮೇಲೆ ಬನ್ನಿ. ಊರಲ್ಲಿ ನಿಮ್ಮ ಹೊಟ್ಟೆ ತುಂಬಿಸುವುದೂ ಪೊರೆ ಆಪರೇಷನ್ನೇ. ಸರ್ಟಿಫಿಕೇಟ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದ್ದರೆ ಒಳ್ಳೇದೇ, ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಉಪಯೋಗಕ್ಕೆ ಬರಬಹುದು. ನಿಮ್ಮ ಯೋಜನೆಗೆ ಅದು ಎರಡನೇ ಮಾತು.

ಮನೆಯವರಿಗೆ ಓದು ಅಂತ ಹೇಳಬೇಡಿ, ಕೆಲಸಕ್ಕೆ ಸೇರುತ್ತಿದ್ದೇನೆ ಅನ್ನಿ. ಸ್ಟೈಪೆಂಡ್ ಬರುತ್ತೆ ಅಂದರೆ ಅದು ಸುಳ್ಳೂ ಅಲ್ಲ. ಬೆಂಗಳೂರಿನ ಬಾಡಿಗೆ ಕಳೆದು ಎಷ್ಟು ಉಳಿಯುತ್ತೆ ಅನ್ನುವ ಲೆಕ್ಕವನ್ನು ಮಾತ್ರ ಅಪ್ಪನ ಎದುರು ಮಾಡಬೇಡಿ.

ಬಾಂಡ್ ವಿಷಯ. ಕಾಗದ ಮನೆಗೆ ತಂದು ನಿಧಾನವಾಗಿ ಓದಿ. ಅಸಲಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅಂದರೆ ನಕಲು ಕೊಡಿ, ಅಸಲಿ ಕೊಡಬೇಡಿ. ಬಾಂಡ್ ಅವಧಿ ತರಬೇತಿಯ ಎರಡು ವರ್ಷದ ಒಳಗೇ ಮುಗಿಯುತ್ತಾ, ಆಮೇಲೆ ಶುರುವಾಗುತ್ತಾ ನೋಡಿ. ಆಮೇಲೆ ಅಂದರೆ ಯಾವ ಊರಿನ ಶಾಖೆಯಲ್ಲಿ, ಯಾವ ಸಂಬಳಕ್ಕೆ ಅಂತ ಬರೆದು ಕೊಡಲಿ. ಯಾವ ಆಪರೇಷನ್ ಎಷ್ಟು ಸ್ವತಃ ಮಾಡಲು ಕೊಡುತ್ತಾರೆ ಅನ್ನುವುದೂ ಬರವಣಿಗೆಯಲ್ಲಿ ಇರಲಿ. ಬಾಯಿಮಾತಿನಲ್ಲಿ ಎಲ್ಲರೂ ಧಾರಾಳಿಗಳು. ಸೇರುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಒಳಗೆ ಸೇರಿಕೊಳ್ಳಿ. ಸುಗ್ಗಿಯ ಅಲ್ಸರ್‌ಗಳು ಬರುವಷ್ಟರಲ್ಲಿ ಕೆಒಎಚ್ ಬಾಟಲಿ ಯಾವ ಕಪಾಟಿನಲ್ಲಿದೆ ಅಂತ ಗೊತ್ತಾಗಿರುತ್ತೆ.